ಏಳು ಬಡಾವಣೆಗಳ ದೊಡ್ಡಮ್ಮ

ಲೋಕದಲ್ಲಿ ಹೆಣ್ಣು ಗಂಡು ಸಮಾನರಾಗಬೇಕಾದರೆ ಮೊದಲು ಬೇಕಾದದ್ದು ಒಂದು ಜಮಖಾನ. ಇದು ಹಾಜರಿ ಎಂಬಾತ ಒಂಬತ್ತು ವರ್ಷದ ಅನುಭವದಿಂದ ಕಂಡುಕೊಂಡ ಸತ್ಯ. ಜಮಖಾನ ಹಾಸಿದರೆ ಜನ ಕೂರುತ್ತಾರೆ, ಕೂತರೆ ಫೋಟೊ ತೆಗೆಯಬಹುದು, ಫೋಟೊ ಇದ್ದರೆ ವರದಿ ಬರೆಯಬಹುದು, ವರದಿ ಹೋದರೆ ಕಡಲಾಚೆಯಿಂದ ನೆರವು ಬರುತ್ತದೆ. ಸಮಾನತೆ ಇವುಗಳ ನಡುವೆ ಎಲ್ಲೋ ಒಂದು ಕಡೆ ತನ್ನಷ್ಟಕ್ಕೆ ತಾನೇ ಆಗಿಕೊಂಡು ಹೋಗುತ್ತದೆಂದು ಅವನು ನಂಬಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಸದಾ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಾಡುವವನನ್ನು ಬೀದಿಯವರು ಇನ್ನೇನೆಂದು ಕರೆದಾರು? ವಿದೇಶಿ ನೆರವಿನಿಂದ ನಡೆಯುವ ಮಹಿಳಾ ಅಭಿವೃದ್ಧಿ ಸಂಸ್ಥೆಯೊಂದರಲ್ಲಿ ಅವನು ಕ್ಷೇತ್ರ ಸಂಘಟಕ. ನಿರ್ದೇಶಕರಿಂದ ಹಿಡಿದು ಕಾರಿನ ಚಾಲಕನವರೆಗೆ ಆ ಸಂಸ್ಥೆಯಲ್ಲಿ ಏಳು ಮಂದಿ, ಏಳೂ ಗಂಡಸರು. ಅವರಲ್ಲಿ ಆರು ಜನ ಖಾಯಂ. ಹಾಜರಿ ಒಬ್ಬನೇ ಒಂಬತ್ತು ವರ್ಷದಿಂದ ತಾತ್ಕಾಲಿಕ. ಮೂರು ತಿಂಗಳಿಗೊಮ್ಮೆ ನೇಮಕದ ಚೀಟಿ ಹೊಸದಾಗಿ ಬರಬೇಕು. ಬರುವ ತನಕ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಖಾಯಂ ಆಗಬೇಕು ಎನ್ನುವುದೊಂದು ಬಿಟ್ಟರೆ ಅವನಿಗೆ ಜೀವನದಲ್ಲಿ ಬೇರೆ ಹಂಬಲವಿರಲಿಲ್ಲ. ಖಾಯಂ ಆದವರ ನಡಿಗೆಯೇ ಬೇರೆ ಎಂಬುದನ್ನು ಅವನು ಸೂಕ್ಷ್ಮವಾಗಿ ಗಮನಿಸಿದ್ದ. ಅವರು ಕಚೇರಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಾರೆ, ತಾತ್ಕಾಲಿಕದವರು ಎರಡೆರಡಾಗಿ.

ಐದು ವರ್ಷದ ಹಿಂದೆ ಸಂಸ್ಥೆಗೆ ಹೊಸ ಯೋಜನೆಯೊಂದು ಬಂತು. ಊರಿನ ಏಳು ಬಡಾವಣೆಗಳಲ್ಲಿ ತಿಂಗಳಿಗೊಂದೊಂದು ತರಬೇತಿ. ವಿಷಯ, ಮಹಿಳೆಯ ಕೆಲಸದ ಹೊರೆ ಇಳಿಸುವುದು ಹೇಗೆ. ಸಮಯ, ಬೆಳಿಗ್ಗೆ ಹತ್ತು ಗಂಟೆ. ಕೂತವರಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರಿರಬೇಕು, ಫೋಟೊ ಕಡ್ಡಾಯ.

ಹಾಜರಿ ಮನೆ ಮನೆ ಬಾಗಿಲು ತಟ್ಟಿದ. ಒಬ್ಬಾಕೆ "ಹತ್ತು ಗಂಟೆಗಾ?" ಎಂದು ಕೇಳಿ, ನಕ್ಕು, ಬಾಗಿಲು ಹಾಕಿಕೊಂಡಳು. ಇನ್ನೊಬ್ಬಾಕೆ "ಸ್ವಲ್ಪ ಹಿಡ್ಕೊಂಡಿರಿ, ಬಂದೆ" ಎಂದು ಅಳುವ ಮಗುವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದವಳು ಮುಕ್ಕಾಲು ಗಂಟೆ ಪತ್ತೆಯಿರಲಿಲ್ಲ. ಕೊನೆಗೆ, ಊಟದ ಪೊಟ್ಟಣ ಕೊಡುತ್ತಾರಂತೆ ಎಂಬ ಸುದ್ದಿಯ ಜಾಡು ಹಿಡಿದು ಬಂದವರು ಹದಿನಾಲ್ಕು ಮಂದಿ ನಿವೃತ್ತ ಗಂಡಸರು. ಮಹಿಳೆಯ ಹೊರೆಯ ಬಗ್ಗೆ ಅವರು ಬಹಳ ಗಂಭೀರವಾಗಿ ಚರ್ಚಿಸಿದರು. ಇಬ್ಬರಂತೂ ಕಣ್ಣೊರೆಸಿಕೊಂಡರು. ಫೋಟೊ ಕಡಲು ದಾಟಿ ಹೋಯಿತು, ಹೋದ ಹಾಗೆಯೇ ವಾಪಸು ಬಂತು. ಜೊತೆಗೊಂದು ಸೌಜನ್ಯದ ಟಿಪ್ಪಣಿ: ಇದರಲ್ಲಿ ಮಹಿಳೆಯರು ಯಾರೆಂದು ದಯವಿಟ್ಟು ಬಾಣದ ಗುರುತು ಹಾಕಿ ಕಳಿಸಿ.

ಹಾಜರಿಯ ನೇಮಕದ ಚೀಟಿ ಆ ಸಲ ಇಪ್ಪತ್ತು ದಿನ ತಡವಾಯಿತು. ಆ ಇಪ್ಪತ್ತು ದಿನದಲ್ಲಿ ಅವನ ಬುದ್ಧಿ ಹಿಂದೆಂದೂ ಓಡದಷ್ಟು ಓಡಿ, ಸುಸ್ತಾಗಿ, ತನ್ನ ಮನೆ ಬಾಗಿಲಲ್ಲೇ ಬಂದು ಕೂತಿತು. ಮನೆಯಲ್ಲಿ ಹೆಂಡತಿ ಇದ್ದಾಳೆ. ಎರಡು ಮನೆ ಆಚೆ ಎಪ್ಪತ್ತು ದಾಟಿದ ದೊಡ್ಡಮ್ಮ ಇದ್ದಾಳೆ. ಎದುರುಮನೆಯಲ್ಲಿ ಟೈಲರಮ್ಮ. ಹೀಗೆ ಬೆರಳು ಮಡಚುತ್ತಾ ಹೋದರೆ ತನ್ನ ಬೀದಿಯಲ್ಲೇ ಒಂಬತ್ತು ಹೆಂಗಸರು ಸಿಕ್ಕಿದರು. ಒಂಬತ್ತು ಹೆಂಗಸರು, ನಾಲ್ಕು ಗಂಡಸರು; ಲೆಕ್ಕ ಸರಿಯಾಯಿತು.

ಅಂದಿನಿಂದ ಏಳೂ ಬಡಾವಣೆಗಳ ಮಹಿಳೆಯರು ಈ ಒಂಬತ್ತು ಜನವೇ. ಬಡಾವಣೆ ಬದಲಾದಾಗ ಹೊದೆಯುವ ಶಾಲು ಬದಲಾಗುತ್ತಿತ್ತು, ಅಷ್ಟೆ. ಹೊಳೆದಂಡೆಯವರಿಗೆ ಹಸಿರು, ಗುಡ್ಡದವರಿಗೆ ನೀಲಿ, ರೈಲುಗೇಟಿನ ಆಚೆಯವರಿಗೆ ಚೌಕುಳಿ. ಹೆಸರುಗಳನ್ನು ಹಾಜರಿಯೇ ಯೋಚಿಸಿ ಬರೆದುಕೊಳ್ಳುತ್ತಿದ್ದ. ಶಾಲುಗಳ ಟ್ರಂಕು ಅವನ ಮಂಚದ ಕೆಳಗಿತ್ತು. ನಿರ್ದೇಶಕರು ಫೋಟೊದಲ್ಲಿ ತಲೆ ಎಣಿಸುತ್ತಿದ್ದರೇ ಹೊರತು ಮುಖ ನೋಡುವ ಕೆಟ್ಟ ಅಭ್ಯಾಸ ಇಟ್ಟುಕೊಂಡಿರಲಿಲ್ಲ.

ದೊಡ್ಡಮ್ಮನಿಗೆ ಈ ವ್ಯವಸ್ಥೆ ಹಿಡಿಸಿತು. ಫ್ಯಾನಿನ ಕೆಳಗೆ ಕೂತು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಕಲೆ ಅವಳಿಗೆ ಸಿದ್ಧಿಸಿತ್ತು. ಹೆಂಡತಿಯದು ಮಾತ್ರ ತಕರಾರು.

"ರೀ, ಹೊರೆ ಇಳಿಸೋ ತರಬೇತಿ ಅಂತೀರಿ. ಮೂರು ಗಂಟೆ ಅಲ್ಲಿ ಕೂತು ಬಂದ್ರೆ ಮನೆ ಕೆಲಸ ಹಾಗೇ ಬಿದ್ದಿರತ್ತೆ. ತರಬೇತಿ ಇದ್ದ ದಿನ ಐದಕ್ಕೆ ಏಳೋಳು ನಾಲ್ಕಕ್ಕೇ ಏಳ್ಬೇಕು."

"ಅದು ಹಾಗಲ್ಲ ಕಣೇ. ದೂರದೃಷ್ಟಿಯಿಂದ ನೋಡ್ಬೇಕು."

"ನೋಡ್ತಿದ್ದೀನಿ. ದೂರದಲ್ಲೂ ಪಾತ್ರೆ ರಾಶೀನೇ ಕಾಣ್ತಿದೆ."

ಹೀಗೆ ಐದು ವರ್ಷ ಸಮಾನತೆ ನಿರಾತಂಕವಾಗಿ ನಡೆಯಿತು.

ಒಂದು ದಿನ ಹಾಜರಿ ಎರಡೆರಡು ಮೆಟ್ಟಿಲು ಹತ್ತಿ ಕಚೇರಿಗೆ ಹೋದರೆ, ನಿರ್ದೇಶಕರ ಮೇಜಿನ ಮೇಲೆ ದೊಡ್ಡಮ್ಮ ಇದ್ದಳು. ಊಟದ ತಟ್ಟೆಯಷ್ಟು ಅಗಲದ ಮುಖ, ಕಣ್ಣು ತೆರೆದೇ ನಿದ್ದೆ, ದೊಡ್ಡದು ಮಾಡಿಸಿದ ಬಣ್ಣದ ಫೋಟೊ.

"ಏನಯ್ಯಾ, ಈ ಅಜ್ಜಿ ಯಾರು?" ನಿರ್ದೇಶಕರು ಕೇಳಿದರು.

"ಯಾವ ಬಡಾವಣೆ ಫೋಟೊ ಸಾರ್?"

"ಏಳೂ ಬಡಾವಣೇದು."

ನಿರ್ದೇಶಕರು ಪತ್ರ ಓದಿದರು. ಕಡಲಾಚೆಯ ಪ್ರಧಾನ ಕಚೇರಿಯವರು ಐದು ವರ್ಷದ ಫೋಟೊಗಳನ್ನೆಲ್ಲ ಗೋಡೆಗೆ ಅಂಟಿಸಿ ಪ್ರದರ್ಶನವಿಟ್ಟಿದ್ದರಂತೆ. ಆಗ ಅವರ ಕಣ್ಣಿಗೆ ಬಿದ್ದದ್ದು ಈ ಮುಖ. ಏಳು ಬಡಾವಣೆಗಳಲ್ಲಿ, ಐದು ವರ್ಷ, ಒಂದೇ ಒಂದು ಸಭೆ ತಪ್ಪಿಸದೆ, ಎಲ್ಲೆಡೆ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ ಆಲಿಸುತ್ತಿರುವ ಈ ಹಿರಿಯ ಮಹಿಳೆ ಖಂಡಿತ ದೊಡ್ಡ ನಾಯಕಿಯೇ ಇರಬೇಕು. ವರದಿಯಲ್ಲಿ ವಾಹನದ ಸುದ್ದಿಯೇ ಇಲ್ಲದ್ದರಿಂದ ಈಕೆ ಕಾಲ್ನಡಿಗೆಯಲ್ಲೇ ಬಡಾವಣೆ ಬಡಾವಣೆ ಸುತ್ತಿ ಹೆಂಗಸರನ್ನು ಎಚ್ಚರಗೊಳಿಸುತ್ತಿರಬೇಕು. ಈಕೆಯನ್ನು ಕಂಡು ಗೌರವಿಸಲು ತಮ್ಮ ಮೌಲ್ಯಮಾಪಕಿ ಬರುತ್ತಿದ್ದಾರೆ, ಯೋಜನೆ ಮುಂದುವರಿಸುವ ತೀರ್ಮಾನವನ್ನೂ ಅವರೇ ಮಾಡುತ್ತಾರೆ.

"ಈಗ ಹೇಳು. ಯಾರು?"

"ನಮ್ಮ ದೊಡ್ಡಮ್ಮ ಸಾರ್."

ನಿರ್ದೇಶಕರು ಬಹಳ ಹೊತ್ತು ಫೋಟೊ ನೋಡಿದರು. ಅವರು ಅನುಭವಸ್ಥರು, ಗೊತ್ತಾದರೆ ತೊಂದರೆಯಾಗುವ ಸಂಗತಿಗಳನ್ನು ಗೊತ್ತುಮಾಡಿಕೊಳ್ಳದೆ ಇರುವುದರಲ್ಲಿ ಪಳಗಿದವರು.

"ನಾಯಕಿ ಅಂದ್ಮೇಲೆ ಯಾರದಾದ್ರೂ ದೊಡ್ಡಮ್ಮ ಆಗಿರ್ಲೇಬೇಕಲ್ಲ," ಎಂದರು. "ನೋಡು, ಇದೊಂದು ಸಾಂಗವಾಗಿ ನಡೆಸಿಕೊಡು. ಯೋಜನೆ ಮುಂದುವರೀತೂ ಅಂದ್ರೆ ಸಂಘಟಕರ ಹುದ್ದೆ ಖಾಯಂ. ಅವರೇ ಬರೆದಿದ್ದಾರೆ. ಕೆಟ್ಟು ಹೋಯ್ತೋ, ಚೀಟಿಯೂ ಇಲ್ಲ, ನೀನೂ ಇಲ್ಲ."

ಅಂದು ಸಂಜೆ ಹಾಜರಿಯ ಮನೆಯ ನಡುಕೋಣೆಯಲ್ಲಿ ನಾಯಕಿಯ ತಯಾರಿ ಶುರುವಾಯಿತು. ದೊಡ್ಡಮ್ಮ ಕುರ್ಚಿಯಲ್ಲಿ. ಹೆಂಡತಿ ನೆಲದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಲ್ಲಿ ತಲೆ ಇಟ್ಟಿದ್ದರು. ಈ ಬೀದಿಯಲ್ಲಿ ಅವರ ತಲೆ ಇಲ್ಲದ ಕಿಟಕಿ ಅಪರೂಪ.

"ಹೇಳು ದೊಡ್ಡಮ್ಮ. ತರಬೇತಿಗೆ ಮುಂಚೆ ನಾವೆಲ್ಲ ಕತ್ತಲಲ್ಲಿ ಇದ್ವಿ."

"ಯಾಕೋ? ಕರೆಂಟು ಬಂದು ನಲವತ್ತು ವರ್ಷ ಆಯ್ತಲ್ಲೋ."

"ಆ ಕತ್ತಲಲ್ಲ. ಜ್ಞಾನದ ಕತ್ತಲು."

"ಹಾಗಂತ ನಾನು ಹೊರಗಿನವರ ಮುಂದೆ ಹೇಳ್ಬೇಕಾ? ನಿಮ್ಮ ದೊಡ್ಡಪ್ಪನ ಮನೆತನದ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಮನೆತನದಲ್ಲಿ ಬೆಳಕು ಇತ್ತಾ ಅಂತ ಯಾರೂ ಕೇಳಲ್ಲ ದೊಡ್ಡಮ್ಮ, ಸುಮ್ನೆ ಹೇಳಿ," ಎಂದರು ಮೇಷ್ಟ್ರು ಕಿಟಕಿಯಿಂದ.

"ನೀನು ಸುಮ್ನಿರಪ್ಪ. ಪಿಂಚಣಿ ತಗೊಳ್ಳೋನು ನೀನು, ನಿನಗೇನು ಕಷ್ಟ."

ಹಾಜರಿ ಹಣೆ ಒರೆಸಿಕೊಂಡ. "ಹೋಗ್ಲಿ, ಅದನ್ನ ಬಿಡು. ಹೊರೆ ಇಳಿಸೋ ಏಳು ಹಂತ ಯಾವುದು ಅಂತ ಕೇಳ್ತಾರೆ. ಮೊದಲನೇದು ದಿನಚರಿ ಬರೆಯೋದು. ಎರಡನೇದು ಕೆಲಸ ಹಂಚಿಕೊಳ್ಳೋದು. ಮೂರನೇದು... ಮೂರನೇದು ನೀರು ಸೌದೆ ಹತ್ತಿರಕ್ಕೆ ತರೋದು. ನಾಲ್ಕು..."

"ನಾಲ್ಕು, ದುಡಿಮೆಗೆ ಹೆಸರು," ಎಂದಳು ಹೆಂಡತಿ ತಲೆ ಎತ್ತದೆ. "ಐದು, ತೀರ್ಮಾನದಲ್ಲಿ ಪಾಲು. ಆರು, ಬಿಡುವು. ಏಳು, ಆ ಬಿಡುವನ್ನ ಇನ್ನೊಂದು ಕೆಲಸಕ್ಕೆ ಕೊಡದೆ ಇರೋದು."

ಮೇಷ್ಟ್ರು ಅರ್ಧ ಎದೆಯವರೆಗೆ ಕಿಟಕಿಯೊಳಗೆ ಬಂದರು.

"ನಿನಗೆ ಹೇಗೆ ಗೊತ್ತು?" ಹಾಜರಿಗೆ ಸ್ವಲ್ಪ ಅವಮಾನವೇ ಆಯಿತು.

"ಐದು ವರ್ಷದಿಂದ ಅದನ್ನೇ ಕೇಳ್ತಿದ್ದೀನಲ್ರೀ. ನೀವು ಹೊರಗಡೆ ಊಟದ ಪೊಟ್ಟಣ ಕಾಯ್ತಿದ್ರಿ."

ಇದು ಎಚ್ಚರಿಕೆಯ ಗಂಟೆ ಎಂದು ಬೇರೆ ಯಾರಿಗಾದರೂ ಅನ್ನಿಸುತ್ತಿತ್ತು. ಹಾಜರಿಗೆ ಸಮಾಧಾನವಾಯಿತು. ದೊಡ್ಡಮ್ಮ ತಡವರಿಸಿದರೆ ಪಕ್ಕದಲ್ಲಿ ಕೂತು ಪಿಸುಗುಟ್ಟಲು ಒಬ್ಬಳಿದ್ದಾಳೆ.

ಮೌಲ್ಯಮಾಪಕಿ ಬಂದ ದಿನ ಕಚೇರಿಯ ಸಭಾಂಗಣ ಥಳಥಳ ಎನ್ನುತ್ತಿತ್ತು. ಏಳು ಬಡಾವಣೆಗಳ ಪ್ರತಿನಿಧಿಗಳು ಒಟ್ಟಿಗೇ ಕಾಣಬೇಕೆಂದು ಹಾಜರಿ ಟ್ರಂಕಿನಲ್ಲಿದ್ದ ಅಷ್ಟೂ ಬಣ್ಣದ ಶಾಲುಗಳನ್ನು ಹಂಚಿದ್ದ. ಟೈಲರಮ್ಮ ಹೊಳೆದಂಡೆ, ಹೆಂಡತಿ ಗುಡ್ಡ. ಎಂಟು ಜನರಿಗೆ ಹಂಚುವಷ್ಟರಲ್ಲಿ ಏಳೂ ಬಡಾವಣೆಗಳ ಲೆಕ್ಕ ಭರ್ತಿಯಾಗಿ, ದೊಡ್ಡಮ್ಮ ಮನೆಯ ಕಂದು ಶಾಲಲ್ಲೇ ಬಂದಿದ್ದಳು. ನಾಯಕಿಗೆ ಯಾವ ಬಣ್ಣವಾದರೇನು ಎಂದು ಅವನು ಯೋಚಿಸಿದ. ಇಡೀ ಬದುಕಿನಲ್ಲಿ ಅವನು ಯೋಚಿಸಿ ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಮೌಲ್ಯಮಾಪಕಿ ಎತ್ತರದ, ನರೆಗೂದಲಿನ, ಮಾತಿಗಿಂತ ಬರವಣಿಗೆ ಹೆಚ್ಚಾದ ಹೆಂಗಸು. ಕುರ್ಚಿ ತೋರಿಸಿದರೆ ಬೇಡವೆಂದು ಜಮಖಾನದ ಮೇಲೇ ಕೂತರು. ಜೊತೆಯಲ್ಲಿ ಬಂದ ದುಭಾಷಿ ಹುಡುಗಿ ಆ ಕೆಲಸಕ್ಕೆ ಹೊಸಬಳು, ಹಾಗಾಗಿ ಒಂದಕ್ಷರವನ್ನೂ ಬಿಡದೆ ತರ್ಜುಮೆ ಮಾಡುವ ಶ್ರದ್ಧೆ ಅವಳಲ್ಲಿ ಇನ್ನೂ ಉಳಿದಿತ್ತು.

"ತಾವು ಮೂಲತಃ ಯಾವ ಬಡಾವಣೆಯವರು ಅಂತ ಕೇಳ್ತಿದ್ದಾರೆ ಅಜ್ಜಿ," ಎಂದಳು ಹುಡುಗಿ.

ಏಳು ಹಂತ, ಕತ್ತಲು, ಬೆಳಕು ಎಲ್ಲವನ್ನೂ ಬಾಯಿಪಾಠ ಮಾಡಿ ಬಂದಿದ್ದ ದೊಡ್ಡಮ್ಮನಿಗೆ ಈ ಪ್ರಶ್ನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ತನ್ನ ಶಾಲು ನೋಡಿಕೊಂಡಳು. ಆಮೇಲೆ ಹಾಜರಿಯನ್ನು ನೋಡಿದಳು.

"ಅದು ಶಾಲಿನ ಮೇಲಲ್ವಾ ತಾಯಿ? ಹಸಿರು ಹೊದ್ರೆ ಹೊಳೆದಂಡೆಯವಳು, ನೀಲಿಯಾದ್ರೆ ಗುಡ್ಡದವಳು. ಇವತ್ತು ಇವನು ನನಗೆ ಏನೂ ಕೊಡ್ಲೇ ಇಲ್ಲ. ಯಾವ ಬಡಾವಣೆಯವಳು ಅಂತ ಹೇಳ್ಲಿ?"

ಹಾಜರಿ ದುಭಾಷಿಯ ಕಿವಿಗೆ ಬಗ್ಗಿದ. "ಇದನ್ನ ಹೇಳೋದು ಬೇಡ ತಂಗಿ. ವಯಸ್ಸಾಗಿದೆ, ಏನೇನೋ ಹೇಳ್ತಾರೆ."

ಹುಡುಗಿ ದೊಡ್ಡಮ್ಮನ ಮಾತನ್ನೂ ಹೇಳಿದಳು, ಹಾಜರಿಯ ಮಾತನ್ನೂ ಹೇಳಿದಳು.

ಮೌಲ್ಯಮಾಪಕಿ ಪೆನ್ನು ಕೆಳಗಿಟ್ಟರು. ನಿರ್ದೇಶಕರು ಚಾವಣಿಯ ಫ್ಯಾನನ್ನು, ಇಂಥದೊಂದು ವಸ್ತು ತಮ್ಮ ಕಚೇರಿಯಲ್ಲಿರುವುದು ಇವತ್ತೇ ಗೊತ್ತಾಯಿತೆಂಬಂತೆ ನೋಡತೊಡಗಿದರು.

"ಹಾಗಾದರೆ ಐದು ವರ್ಷ ನೀವು ಒಂಬತ್ತೇ ಜನ ಬರ್ತಿದ್ರಾ?" ಮೌಲ್ಯಮಾಪಕಿಯ ಪ್ರಶ್ನೆ ಹುಡುಗಿಯ ಬಾಯಲ್ಲಿ ಬಂತು.

"ಒಂದು ಸಲ ಎಂಟು," ಎಂದಳು ಟೈಲರಮ್ಮ ಪ್ರಾಮಾಣಿಕವಾಗಿ. "ನನಗೆ ಜ್ವರ ಬಂದಿತ್ತು. ನನ್ನ ಬದಲಿಗೆ ಇವರೇ ಶಾಲು ಹೊದ್ದು ಹಿಂದಿನ ಸಾಲಲ್ಲಿ ಕೂತಿದ್ರು." ಇವರೇ ಎನ್ನುವಾಗ ಅವಳ ಬೆರಳು ಹಾಜರಿಯ ಕಡೆಗಿತ್ತು.

ನೆಲ ಬಾಯಿಬಿಟ್ಟರೆ ಇಳಿದುಹೋಗಲು ಹಾಜರಿ ಸಿದ್ಧನಿದ್ದ. ಆದರೆ ಕಚೇರಿಯದು ಗಟ್ಟಿ ಸಿಮೆಂಟಿನ ನೆಲ.

"ಮತ್ತೆ ಬಡಾವಣೆಗಳ ಮಹಿಳೆಯರು ಯಾಕೆ ಬರ್ತಿರಲಿಲ್ಲ?" ಎಂದು ಕೇಳಿದರು ಮೌಲ್ಯಮಾಪಕಿ. ಈ ಪ್ರಶ್ನೆ ನಿರ್ದೇಶಕರಿಗೆ. ಅವರು ಗಂಟಲು ಸರಿ ಮಾಡಿಕೊಂಡು, ಅರಿವಿನ ಕೊರತೆ, ಸಾಮಾಜಿಕ ಅಡೆತಡೆ ಎಂದೇನೋ ಶುರು ಮಾಡಿದರು. ಅಷ್ಟರಲ್ಲಿ ನೀಲಿ ಶಾಲಿನೊಳಗಿಂದ ಇನ್ನೊಂದು ದನಿ ಬಂತು.

"ಹತ್ತು ಗಂಟೆಗೆ ಯಾರು ಬರ್ತಾರೆ ಸಾರ್? ಹತ್ತು ಗಂಟೆಗೆ ಬಿಡುವಾಗಿರೋರು ಗಂಡಸರೊಬ್ಬರೇ. ಅದಕ್ಕೇ ಮೊದಲನೇ ಸಲ ಹದಿನಾಲ್ಕು ಜನ ಬಂದಿದ್ರು."

ಹಾಜರಿ ಹೆಂಡತಿಗೆ ಕಣ್ಸನ್ನೆ ಮಾಡಿದ. ಅವಳ ಕಣ್ಣು ಈ ಕಡೆ ಇರಲಿಲ್ಲ.

"ಮಧ್ಯಾಹ್ನ ನಾಲ್ಕು ಗಂಟೆಗೆ ಪ್ರತಿ ಬಡಾವಣೆ ನಲ್ಲಿ ಹತ್ರ ಹೋಗಿ ನೋಡಿ. ಮೂವತ್ತು ನಲವತ್ತು ಹೆಂಗಸರು ಕೊಡ ಇಟ್ಕೊಂಡು ನಿಂತಿರ್ತಾರೆ, ಒಂದು ಗಂಟೆ. ನೀರು ಬರೋ ತನಕ ಕೈಯಲ್ಲಿ ಏನೂ ಕೆಲಸ ಇರಲ್ಲ. ಪಾಠ ಅಲ್ಲಿ ಮಾಡಿದ್ರೆ ಶಾಲೂ ಬೇಡ, ಪೊಟ್ಟಣಾನೂ ಬೇಡ."

"ಹತ್ತು ಗಂಟೆ ಅಂತ ತೀರ್ಮಾನ ಮಾಡಿದ್ದು ಯಾರು?"

"ಈ ಏಳು ಜನ," ಎಂದಳು ಹೆಂಡತಿ, ಗೋಡೆಗೆ ಒರಗಿ ನಿಂತಿದ್ದ ಸಂಸ್ಥೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. "ಊಟದವನು ಹನ್ನೆರಡಕ್ಕೆ ಬರ್ತಾನೆ, ಕಾರು ಒಂದಕ್ಕೆ ವಾಪಸ್ ಬೇಕು, ಅದಕ್ಕೆ ಹತ್ತು. ನಮ್ಮನ್ನ ಯಾರೂ ಕೇಳ್ಲಿಲ್ಲ. ಐದನೇ ಹಂತ ಹೇಳಿಕೊಡೋವಾಗ ಒಂದು ಸಲ ಕೇಳ್ಬೇಕು ಅಂತ ಕೈ ಎತ್ತಿದ್ದೆ. ಇವರು, ಕೈ ಎತ್ತಿರೋ ಫೋಟೊ ಚೆನ್ನಾಗಿ ಬರತ್ತೆ ಹಾಗೇ ಇರು ಅಂದ್ರು. ಆಮೇಲೆ ಊಟ ಬಂತು."

ದುಭಾಷಿ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಮೌಲ್ಯಮಾಪಕಿಯ ಪುಸ್ತಕದಲ್ಲಿ ನಾಲ್ಕು ಪುಟ ತುಂಬಿತ್ತು. ಹೊರಡುವಾಗ ಅವರು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ದೊಡ್ಡಮ್ಮ ಅಷ್ಟು ಹೊತ್ತಿಗೆ ಕಣ್ಣು ತೆರೆದು ನಿದ್ದೆ ಹೋಗಿದ್ದಳು.

ಮುಂದಿನ ಮೂರು ವಾರ ಹಾಜರಿ ಮನುಷ್ಯನಂತಿರಲಿಲ್ಲ. ನಿರ್ದೇಶಕರು ಅವನನ್ನು ಕಂಡರೆ ಕಿಟಕಿ ಕಡೆ ತಿರುಗುತ್ತಿದ್ದರು. ಬೀದಿಯಲ್ಲಿ ಸುದ್ದಿ ಉಪ್ಪು ಖಾರ ಹಚ್ಚಿಕೊಂಡು ಸುತ್ತಿತು. ಅವನು ಹೆಂಗಸಿನ ವೇಷದಲ್ಲಿ ವಿದೇಶಕ್ಕೆ ಹೋಗಲು ಹವಣಿಸಿ ಸಿಕ್ಕಿಬಿದ್ದನೆಂಬುದು ಆ ತುದಿಯ ಮನೆಗಳಿಗೆ ತಲುಪಿದ ಆವೃತ್ತಿ. ಮೇಷ್ಟ್ರು ಸಾಂತ್ವನ ಹೇಳಲು ಬಾಗಿಲಿನಿಂದಲೇ ಬಂದರು, ಅಷ್ಟು ಗಂಭೀರವಾಗಿತ್ತು ಪರಿಸ್ಥಿತಿ. "ಹೆಂಡತಿಗೆ ಒಂದು ಮಾತು ಗದರಬಾರದಿತ್ತಾ ಹಾಜರಿ?" ಎಂದರು. ಒಳಗಿನಿಂದ ಪಾತ್ರೆ ಕೆಳಗೆ ಕುಕ್ಕಿದ ಸದ್ದು ಬಂತು. ಮೇಷ್ಟ್ರು ತಮ್ಮ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಎದ್ದರು.

"ನಾನೇನು ಸುಳ್ಳು ಹೇಳಿದ್ನಾ?" ಎಂದು ಹೆಂಡತಿ ಒಂದೇ ಸಲ ಕೇಳಿದಳು.

"ಇಲ್ಲ," ಎಂದ ಹಾಜರಿ. "ಅದೇ ತಪ್ಪಾಗಿದ್ದು."

ಇಪ್ಪತ್ತೆರಡನೆಯ ದಿನ ನಿರ್ದೇಶಕರ ಫೋನು ಬಂತು. "ಏನಯ್ಯಾ, ಪತ್ರ ಬಂದಿದೆ. ಯೋಜನೆ ಮುಂದುವರಿಸಿದ್ದಾರೆ. ಕ್ಷೇತ್ರ ಸಂಘಟಕರ ಹುದ್ದೆ ಖಾಯಂ ಆಗಿದೆ. ನಾಳೆ ಬಾ. ಮನೆಯವರನ್ನೂ ಕರ್ಕೊಂಡು ಬಾ. ಮರೀಬೇಡ, ಅವರು ಮುಖ್ಯ."

ಖಾಯಂ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಹಾಜರಿಯ ಕಿವಿ ಬೇರೆ ಶಬ್ದಗಳಿಗೆ ಬಾಗಿಲು ಮುಚ್ಚಿತ್ತು. ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಿಹಿ ಹಂಚಿದ. ಮೇಷ್ಟ್ರು ಮೂರು ಕಿಟಕಿಗಳಲ್ಲಿ ಮೂರು ಸಲ ತೆಗೆದುಕೊಂಡರು. "ಸತ್ಯಕ್ಕೆ ಬೆಲೆ ಇದೆ ಅಂತ ನಾನು ಮೊದಲೇ ಹೇಳಿದ್ನಲ್ಲ," ಎಂದ ಹಾಜರಿ ಎಲ್ಲರಿಗೂ. ಮೌಲ್ಯಮಾಪಕಿಯ ಮುಂದೆ ಹಾಗೆ ಹೇಳಬೇಕೆಂದು ಹೆಂಡತಿಗೆ ತಾನೇ ಹೇಳಿಕೊಟ್ಟದ್ದೆಂದು ನಾಲ್ಕನೆಯ ಮನೆಯಲ್ಲಿ ಹೇಳಿ, ಎಂಟನೆಯ ಮನೆಗೆ ಬರುವ ಹೊತ್ತಿಗೆ ಅದನ್ನು ತಾನೂ ನಂಬಿದ.

ಮರುದಿನ ಅವನು ಹೊಸ ಅಂಗಿ ತೊಟ್ಟು ಕಚೇರಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ. ಪ್ರತಿ ಮೆಟ್ಟಿಲ ಮೇಲೂ ಒಂದು ಕ್ಷಣ ನಿಂತ. ಹೆಂಡತಿ ಆಗಲೇ ಮೇಲೆ ತಲುಪಿ ಕಾಯುತ್ತಿದ್ದಳು.

ನಿರ್ದೇಶಕರು ಎದ್ದು ನಿಂತರು. ಹಾಜರಿ ಕೈಮುಗಿಯಲು ಸಜ್ಜಾದ. ಅವರು ಅವನನ್ನು ದಾಟಿ, ಹೆಂಡತಿಗೆ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ ಅಮ್ಮಾ. ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಇನ್ಮೇಲೆ ತರಬೇತಿ ನಾಲ್ಕು ಗಂಟೆಗೆ, ನಲ್ಲಿ ಹತ್ರ. ಆ ಸಲಹೆ ಕೊಟ್ಟ ನೀಲಿ ಶಾಲಿನ ಮಹಿಳೇನೇ ಖಾಯಂ ಸಂಘಟಕಿ. ಒಪ್ಪದಿದ್ರೆ ಯೋಜನೆಯೇ ಇಲ್ಲ." ಅವರು ಪೆನ್ನು ತೆಗೆದರು. "ಆದೇಶದಲ್ಲಿ ಹೆಸರು ಬರೀಬೇಕು. ಹಾಜರಿ ಪುಸ್ತಕ ನೋಡಿದೆ, ನಿಮಗೆ ಏಳು ಹೆಸರಿದೆ. ನಿಜವಾದ್ದು ಯಾವುದಮ್ಮ?"

ಅವಳು ಹೇಳಿದಳು. ಆ ಹೆಸರಿನಿಂದ ಯಾರಾದರೂ ಅವಳನ್ನು ಕರೆದು ಎಷ್ಟು ಕಾಲವಾಗಿತ್ತೋ, ಮೊದಲ ಸಲ ದನಿಯೇ ಏಳಲಿಲ್ಲ. ಎರಡನೆಯ ಸಲ ಸ್ಪಷ್ಟವಾಗಿ ಹೇಳಿದಳು. ನಿರ್ದೇಶಕರು ಅಕ್ಷರ ಅಕ್ಷರವಾಗಿ ಬರೆದುಕೊಂಡರು.

ಹಾಜರಿ ನಿಂತಲ್ಲೇ ನಿಂತಿದ್ದ. ಹುದ್ದೆ ಖಾಯಂ ಆಗಿತ್ತು. ಅವನ ಹುದ್ದೆಯೇ. ಅದರಲ್ಲಿ ಯಾವ ಸುಳ್ಳೂ ಇರಲಿಲ್ಲ.

"ಒಂದು ವಿಷಯ ಸಾರ್," ಎಂದಳು ಹೆಂಡತಿ. "ನಾಲ್ಕು ಗಂಟೆಗೆ ನಾನು ಇನ್ನೊಬ್ಬರ ನಲ್ಲಿ ಹತ್ರ ಇದ್ರೆ, ನಮ್ಮನೆ ನೀರು ಯಾರು ಹಿಡೀಬೇಕು, ಸಂಜೆ ಅಡಿಗೆ ಯಾರು ಮಾಡ್ಬೇಕು ಅನ್ನೋದು ಮೊದಲು ತೀರ್ಮಾನ ಆಗ್ಬೇಕು."

"ಅದು ತಮ್ಮ ಮನೆ ವಿಚಾರ, ನಾವು ಹೇಗೆ..."

"ತರಬೇತಿ ವಿಷಯಾನೇ ಅದು ಸಾರ್. ಎರಡನೇ ಹಂತ."

ನಿರ್ದೇಶಕರು ಹಾಜರಿಯ ಕಡೆ ನೋಡಿದರು. ಗೋಡೆಗೆ ಒರಗಿದ್ದ ಉಳಿದ ಐವರೂ ನೋಡಿದರು. ಆರು ಜೋಡಿ ಖಾಯಂ ಕಣ್ಣುಗಳ ಮುಂದೆ ಹಾಜರಿ, "ನಾನೇ ಮಾಡ್ತೀನಿ ಸಾರ್," ಎಂದ. ಒಂಬತ್ತು ವರ್ಷದಲ್ಲಿ ಆ ಸಂಸ್ಥೆಯಲ್ಲಿ ಹೊರೆ ಇಳಿದ ಮೊದಲ ಪ್ರಕರಣ ಇದು. ಆದರೆ ಯಾರಿಗೂ ಫೋಟೊ ತೆಗೆಯಬೇಕೆಂದು ಹೊಳೆಯಲಿಲ್ಲ.

"ಇನ್ನು ಇವನ ವಿಚಾರ," ಎಂದು ನಿರ್ದೇಶಕರು ದನಿ ತಗ್ಗಿಸಿದರು. "ಸಂಘಟಕಿಗೆ ಒಬ್ಬ ಸಹಾಯಕನನ್ನ ಇಟ್ಕೊಳ್ಳೋ ಅಧಿಕಾರ ಇದೆ. ಜಮಖಾನ ಹೊರೋದು, ಹಾಸೋದು, ಮಡಚೋದು. ಒಂಬತ್ತು ವರ್ಷದಿಂದ ಇದ್ದಾನೆ, ಪಾಪ. ಏನ್ ಮಾಡೋಣ ಹೇಳಿ."

ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಹೊಸ ಅಂಗಿ, ಗುಂಡಿ ಒಂದು ಮೇಲೆ ಒಂದು ಕೆಳಗೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಅಷ್ಟು ಹೊತ್ತು ಒಂದೇ ಸಮನೆ ನೋಡಿದ್ದು ಬಹುಶಃ ಹೆಣ್ಣು ನೋಡಲು ಬಂದ ದಿನವೂ ಇರಲಿಕ್ಕಿಲ್ಲ.

"ಇರ್ಲಿ ಸಾರ್," ಎಂದಳು ಕೊನೆಗೆ. "ಸದ್ಯಕ್ಕೆ ಮೂರು ತಿಂಗಳು ನೋಡೋಣ."